ಕಪ್ಪು ಮೆಹಂದಿ ಅಂದರೆ ಬರೀ ಮೆಹಂದಿನಾ?

ಪ್ರಶ್ನೆ: ಹೋದ ಸಲ ಕಪ್ಪು ಡೈ ಹಚ್ಚಿದ ಮಾರನೇ ದಿನ ಹಣೆಯಂಚಿನಲ್ಲಿ, ಕಿವಿಯ ಹಿಂದೆ ವಿಪರೀತ ತುರಿಕೆ ಬಂತು. ಇನ್ನು ಡೈ ಬಿಟ್ಟು ಕಪ್ಪು ಮೆಹಂದಿ ಹಚ್ಚೋಣ ಅಂದುಕೊಂಡಿದ್ದೇನೆ. ಅದು ಗಿಡದ್ದು, ಭಯ ಇಲ್ಲ ಅಲ್ವಾ?

ಉತ್ತರ: ದಯವಿಟ್ಟು ಈಗಲೇ ಹಚ್ಚಬೇಡಿ. ಮೊದಲು ಪ್ಯಾಕೆಟ್ಟಿನ ಹಿಂಬದಿ ಓದಿ. ಮೆಹಂದಿ ಸೊಪ್ಪಿನಲ್ಲಿರುವ ಬಣ್ಣ ಲಾಸೋನ್. ಅದು ಬಿಳಿ ಕೂದಲಿಗೆ ಕೊಡುವುದು ಕಿತ್ತಳೆ, ಕೆಂಪು ಅಷ್ಟೇ, ರಾತ್ರಿಯಿಡೀ ಬಿಟ್ಟರೂ ಕಪ್ಪಾಗುವುದಿಲ್ಲ. ಹಾಗಾಗಿ ಅರ್ಧ ಗಂಟೆಯಲ್ಲಿ ಕಡು ಕಪ್ಪು ಮಾಡುತ್ತೇವೆ ಅನ್ನುವ ಮೆಹಂದಿಯಲ್ಲಿ ಸಾಮಾನ್ಯವಾಗಿ ಪಿಪಿಡಿ, ಅಂದರೆ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ, ಡೈಗಳಲ್ಲಿ ಕಪ್ಪು ಬಣ್ಣ ತರುವ ರಾಸಾಯನಿಕ ಬೆರೆಸಿರುತ್ತಾರೆ. ನಿಮಗೆ ತುರಿಕೆ ತಂದದ್ದೂ ಬಹುಶಃ ಅದೇ, ಯಾಕೆಂದರೆ ಡೈ ಅಲರ್ಜಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ಈ ಪಿಪಿಡಿ. ಒಂದು ಸಲ ಅದರ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು: ಮುಖ ಊದಿಕೊಂಡು ಕಣ್ಣು ತೆರೆಯಲಾಗದಷ್ಟು. ಉಸಿರಾಟಕ್ಕೆ ತೊಂದರೆಯಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಡಬ್ಬದ ಮೇಲೆ 'ಅಮೋನಿಯಾ ಇಲ್ಲ' ಅಂತ ಇದ್ದರೂ ನೆಮ್ಮದಿ ಪಡಬೇಡಿ. ಅಮೋನಿಯಾ ಕೂದಲಿನ ಹೊರಪದರವನ್ನು ತೆರೆಯುತ್ತದೆ, ಅದರ ಕೆಲಸ ಬೇರೆ. ಅದಿಲ್ಲದ ಡೈಯಲ್ಲೂ ಪಿಪಿಡಿ ಇರಬಹುದು.

ಗಿಡದ್ದೇ ಬೇಕು ಅಂದರೆ ಬೇರೇನೂ ಬೆರೆಸದ ಮೆಹಂದಿ ಪುಡಿ ತಗೊಳ್ಳಿ. ಅದನ್ನು ಹಚ್ಚಿ ಎರಡು ಮೂರು ಗಂಟೆ ಬಿಟ್ಟು ತೊಳೆದು, ಆಮೇಲೆ ಇಂಡಿಗೋ, ಅಂದರೆ ನೀಲಿ ಗಿಡದ ಎಲೆಯ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಿದರೆ ಕಂದು, ಕಪ್ಪು ಬಣ್ಣ ಬರುತ್ತದೆ. ಹೊತ್ತು ಹಿಡಿಯುತ್ತದೆ, ನಿಜ, ಆದರೆ ನಿಮ್ಮಂಥವರಿಗೆ ನಾನು ಹೇಳುವ ದಾರಿ ಇದೇ. ಇದನ್ನೂ ಮೊದಲು ಮೊಣಕೈ ಒಳಭಾಗದಲ್ಲಿ ಚೂರು ಹಚ್ಚಿ 48 ಗಂಟೆ ನೋಡಿ. ಅಲರ್ಜಿ ಹೆಚ್ಚಾಗಿ ತಕ್ಷಣ ಕಾಣಿಸುವುದಿಲ್ಲ, ಅದಕ್ಕೇ ಅಷ್ಟು ಹೊತ್ತು ಕಾಯಬೇಕು. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಕೊರತೆ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವುದು) ಇದ್ದರೆ ಅವರಿಗೆ ಮಾತ್ರ ಶುದ್ಧ ಮೆಹಂದಿಯೂ ಬೇಡ, ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ, ಮಕ್ಕಳಿಗಂತೂ ಜಾಸ್ತಿ.

ಲೋಹದ ಲವಣ ಬೆರೆತ ಅಗ್ಗದ ಮೆಹಂದಿ ಹಚ್ಚಿದ ಕೂದಲಿಗೆ ಪೆರಾಕ್ಸೈಡ್ (ಬಣ್ಣ ಹಿಡಿಸಲು ಬೆರೆಸುವ ರಾಸಾಯನಿಕ) ಇರುವ ಡೈ ಹಾಕಿದರೆ ಬಿಸಿಯಾಗಿ ಕೂದಲೇ ತುಂಡಾಗಬಹುದು. ಹುಬ್ಬಿಗೆ, ರೆಪ್ಪೆಗೆ ಯಾವ ತಲೆಗೂದಲ ಡೈಯನ್ನೂ ಮುಟ್ಟಿಸಬೇಡಿ.

ಈಗ ತುರಿಕೆ ನಿಂತಿದ್ದರೂ ಒಮ್ಮೆ ಚರ್ಮದ ವೈದ್ಯರನ್ನು ಕಂಡು ಪ್ಯಾಚ್ ಟೆಸ್ಟ್, ಅಂದರೆ ಯಾವುದರಿಂದ ಅಲರ್ಜಿ ಎಂದು ಚರ್ಮದ ಮೇಲೆ ನೋಡುವ ಪರೀಕ್ಷೆ ಮಾಡಿಸಿ. ಹೋಗುವಾಗ ಹಳೇ ಡೈ ಡಬ್ಬ ಜೊತೆಗಿರಲಿ.