ಸ್ವಂತ ಐಪಿ ಬ್ಲಾಕ್ ಬೆಂಗಳೂರಿನ ಸರ್ವರ್‌ಗೆ: ಹಾಸನದ ಸರ್ ಕೇಳಿದ್ದಕ್ಕೆ ಉತ್ತರ

ಸರ್, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಮೊಬೈಲಲ್ಲಿ ಇಷ್ಟುದ್ದ ಕುಟ್ಟೋಕೆ ಆಗಲಿಲ್ಲ, ಈಗ ಕೂತು ಬರೀತಿದೀನಿ. ಆಮೇಲೆ ಓದುವವರಿಗೆ ಗೊತ್ತಾಗಲಿ ಅಂತ ವಿಷಯ ಒಂದ್ಸಲ ಹೇಳಿಬಿಡ್ತೀನಿ. ಇವರದು ಸಣ್ಣ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್. ಐರಿನ್‌ನಿಂದ (ಭಾರತದಲ್ಲಿ ಐಪಿ ವಿಳಾಸ ಹಂಚೋ ರಿಜಿಸ್ಟ್ರಿ) ತಗೊಂಡ ಒಂದು /23 ಬ್ಲಾಕ್ ಇದೆ, ಅಂದರೆ 512 ವಿಳಾಸ. ಗೆರೆ ಪಕ್ಕದ ಸಂಖ್ಯೆ ಒಂದು ಹೆಚ್ಚಿದ ಹಾಗೆಲ್ಲ ಬ್ಲಾಕ್ ಅರ್ಧ ಆಗುತ್ತೆ, /24 ಅಂದ್ರೆ 256. ಸ್ವಂತ ಎಎಸ್‌ಎನ್ (ಇಂಟರ್ನೆಟ್‌ನಲ್ಲಿ ಒಂದು ನೆಟ್‌ವರ್ಕನ್ನ ಗುರುತಿಸೋ ನಂಬರ್) ಕೂಡ ಇದೆ. ಮೊದಲ ಅರ್ಧ ಗ್ರಾಹಕರಿಗೆ ಹೋಗಿದೆ, ಎರಡನೇ ಅರ್ಧ ಖಾಲಿ ಬಿದ್ದಿದೆ. ಬೆಂಗಳೂರಲ್ಲಿ ಎರಡು ಸರ್ವರ್ ಬಾಡಿಗೆಗೆ ಹಿಡಿದು ಮೇಲ್ ಮತ್ತು ಬಿಲ್ಲಿಂಗ್ ಪೋರ್ಟಲ್ ಅಲ್ಲಿಡಬೇಕು, ಖಾಲಿ ಇರೋದ್ರಲ್ಲಿ 32 ವಿಳಾಸ ಅಲ್ಲಿಗೆ ಸಾಕು ಅಂತಾರೆ. ಹೋಸ್ಟಿಂಗ್‌ನವರು ಎಲ್‌ಒಎ ಕೊಡಿ, ಆರ್‌ಒಎ ಮಾಡಿ ಅಂತ ಮೇಲ್ ಹಾಕಿದ್ದಾರೆ. ಅವೆರಡೂ ಏನು, ಇದನ್ನ ಮಾಡಿದ್ರೆ ಹಾಸನದಲ್ಲಿ ನಡೀತಿರೋದು ಕೆಡುತ್ತಾ ಅನ್ನೋದು ಪ್ರಶ್ನೆ.

ಮೊದಲು ಬೇಜಾರಿನ ಸುದ್ದಿ. 32 ಮಾತ್ರ ಒಯ್ಯೋಕೆ ಆಗಲ್ಲ. ಐಪಿವಿ4ನಲ್ಲಿ /24ಕ್ಕಿಂತ ಸಣ್ಣ ತುಂಡನ್ನ ಅನೌನ್ಸ್ ಮಾಡಿದ್ರೆ (ಈ ವಿಳಾಸಗಳು ನಮ್ಮಲ್ಲಿವೆ ಅಂತ ಬೇರೆ ನೆಟ್‌ವರ್ಕ್‌ಗಳಿಗೆ ಸಾರಿದ್ರೆ) ಬೇರೆ ನೆಟ್‌ವರ್ಕ್‌ನವರು ಅದನ್ನ ತಗೊಳ್ಳೋದೇ ಇಲ್ಲ. ಯಾರೂ ಕಾನೂನು ಮಾಡಿದ್ದಲ್ಲ, ರೂಟರ್‌ಗಳು ದಾರಿ ಬರೆದಿಟ್ಟುಕೊಳ್ಳೋ ರೂಟಿಂಗ್ ಟೇಬಲ್ ಉಬ್ಬಬಾರದು ಅಂತ ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ಐಪಿವಿ6ನಲ್ಲಿ ಅದೇ ಗೆರೆ /48. ಹಾಗಾಗಿ ನಿಮ್ಮ ಎರಡನೇ ಅರ್ಧ, 256 ವಿಳಾಸವೂ ಒಟ್ಟಿಗೇ ಬೆಂಗಳೂರಿಗೆ ಹೋಗಬೇಕು. ಹೇಗೂ ಖಾಲಿ ಇದೆ, ನಿಮಗೆ ನಷ್ಟ ಇಲ್ಲ.

ಎರಡನೇದು, ಬ್ಲಾಕ್ ನಿಜವಾಗಿ ನಿಮ್ಮ ಹೆಸರಲ್ಲಿದೆಯಾ ಅಂತ ನೋಡಿಕೊಳ್ಳಿ. ಜಮೀನು ಮಾರೋಕೆ ಮುಂಚೆ ಪಹಣಿ ತೆಗೆಸಿದ ಹಾಗೆ, ಹೂಈಸ್ (ಯಾವ ವಿಳಾಸ ಯಾರ ಹೆಸರಲ್ಲಿದೆ ಅನ್ನೋ ಸಾರ್ವಜನಿಕ ದಾಖಲೆ) ತೆಗೆದು ಸ್ಟೇಟಸ್ ಅನ್ನೋ ಸಾಲು ಓದಿ. ಅಲೊಕೇಟೆಡ್ ಪೋರ್ಟಬಲ್ ಅಥವಾ ಅಸೈನ್ಡ್ ಪೋರ್ಟಬಲ್ ಅಂತಿದ್ರೆ ನಿಮ್ಮದು. ನಾನ್-ಪೋರ್ಟಬಲ್ ಅಂತಿದ್ರೆ ಅದು ನಿಮ್ಮ ಅಪ್‌ಸ್ಟ್ರೀಮ್‌ನವರು (ನಿಮಗೆ ಇಂಟರ್ನೆಟ್ ಕೊಡೋ ದೊಡ್ಡ ನೆಟ್‌ವರ್ಕ್) ಬಳಸಿಕೊಳ್ಳೋಕೆ ಕೊಟ್ಟಿದ್ದು, ಅವರನ್ನ ಬಿಟ್ಟ ದಿನ ವಿಳಾಸವೂ ಬಿಡಬೇಕು. ನಿಮ್ಮದು ಐರಿನ್‌ನಿಂದಲೇ ಬಂದಿದ್ದಾದ್ರೆ ಈ ತೊಂದರೆ ಇರಲ್ಲ. ಆದರೂ ಆ ಪುಟದಲ್ಲಿರೋ ಕಂಪನಿ ಹೆಸರು, ಮೇಲ್ ಐಡಿ ಎರಡನ್ನೂ ಕಣ್ಣಿಟ್ಟು ನೋಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಎಲ್‌ಒಎ ಅಂದ್ರೆ ಒಪ್ಪಿಗೆ ಪತ್ರ, ಅಷ್ಟೇ. ಕಂಪನಿ ಲೆಟರ್‌ಹೆಡ್ ಮೇಲೆ ಒಂದು ಪುಟ: ಈ ಬ್ಲಾಕ್ ನಮ್ಮದು, ಇಂಥ ಎಎಸ್‌ಎನ್‌ನಿಂದ ಅನೌನ್ಸ್ ಮಾಡೋಕೆ ಇಂಥ ಕಂಪನಿಗೆ ಒಪ್ಪಿಗೆ ಇದೆ, ತಾರೀಕು, ಎಲ್ಲಿವರೆಗೆ, ಸಹಿ, ಫೋನ್ ನಂಬರ್. ಇಡೀ /23 ಬರೀಬೇಡಿ, ಹೋಗ್ತಿರೋ /24 ಮಾತ್ರ ಬರೀರಿ. ನನ್ನ ಪತ್ರ ಎರಡು ಸಲ ವಾಪಸ್ ಬಂತು. ಒಂದ್ಸಲ ಲೆಟರ್‌ಹೆಡ್‌ನಲ್ಲಿ ಪ್ರೈವೇಟ್ ಲಿಮಿಟೆಡ್ ಅಂತಿತ್ತು, ಹೂಈಸ್‌ನಲ್ಲಿ ಹಳೇ ಪ್ರೊಪ್ರೈಟರ್‌ಶಿಪ್ ಹೆಸರೇ ಉಳಿದಿತ್ತು. ಇನ್ನೊಂದ್ಸಲ, ಅವರು ದೃಢೀಕರಣಕ್ಕೆ ಅಂತ ಹೂಈಸ್‌ನಲ್ಲಿದ್ದ ಐಡಿಗೆ ಮೇಲ್ ಹಾಕಿದ್ರು. ಅದು ಕೆಲಸ ಬಿಟ್ಟು ಹೋದ ಹುಡುಗನದ್ದು. ಹತ್ತು ದಿನ ಹೋಯ್ತು. ರೂಟರ್ ಕೆಲಸ ಅರ್ಧ ಗಂಟೆ, ಕಾಗದದ ಕೆಲಸ ಹದಿನೈದು ದಿನ, ಈ ಲೆಕ್ಕ ಇಟ್ಕೊಂಡೇ ಹೊರಡಿ.

ಇಷ್ಟೆಲ್ಲ ಯಾಕೆ ಕೇಳ್ತಾರೆ ಅಂತ ಬೈಕೋಬೇಡಿ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತಮ್ಮ ದೇಶದೊಳಗೆ ಯೂಟ್ಯೂಬ್ ಮುಚ್ಚೋಕೆ ಹೋಗಿ, ಯೂಟ್ಯೂಬ್‌ನ /22 ಒಳಗಿನ ಒಂದು /24 ಅನೌನ್ಸ್ ಮಾಡಿತು. ಅವರ ಅಪ್‌ಸ್ಟ್ರೀಮ್‌ನವರು ತಡೀದೆ ಹೊರಗೆ ಬಿಟ್ಟರು. ಸಣ್ಣ ತುಂಡಿಗೇ ರೂಟರ್‌ಗಳಲ್ಲಿ ಮೊದಲ ಮರ್ಯಾದೆ, ಹಾಗಾಗಿ ಪ್ರಪಂಚದ ದೊಡ್ಡ ಭಾಗಕ್ಕೆ ಯೂಟ್ಯೂಬ್ ಹೆಚ್ಚೂಕಮ್ಮಿ ಎರಡು ಗಂಟೆ ಸಿಗಲಿಲ್ಲ. ಬೇರೆಯವರ ವಿಳಾಸವನ್ನ ನಮ್ಮದು ಅಂತ ಕೂಗೋದು ಅಷ್ಟು ಸುಲಭ. ನಿಮ್ಮ ಖಾಲಿ /24 ಅಂತೂ ಇಂಥವರಿಗೆ ಬೀಗ ಹಾಕದ ಮನೆ.

ಬೀಗವೇ ಆರ್‌ಒಎ. ಈ ಬ್ಲಾಕ್ ಈ ಎಎಸ್‌ಎನ್‌ನಿಂದ ಮಾತ್ರ ಹೊರಡಬೇಕು, ಇಷ್ಟು ಸಣ್ಣದರವರೆಗೆ ತುಂಡಾಗಬಹುದು (ಅದೇ ಗರಿಷ್ಠ ಉದ್ದ) ಅಂತ ರಿಜಿಸ್ಟ್ರಿ ಮೂಲಕ ಸಹಿ ಹಾಕಿಡೋ ದಾಖಲೆ. ಅನೌನ್ಸ್‌ಮೆಂಟು ಅದಕ್ಕೆ ಹೊಂದಿದ್ರೆ ವ್ಯಾಲಿಡ್, ಹೊಂದದಿದ್ರೆ ಇನ್‌ವ್ಯಾಲಿಡ್, ದಾಖಲೆಯೇ ಇಲ್ಲದಿದ್ರೆ ನಾಟ್ ಫೌಂಡ್. ನಾಟ್ ಫೌಂಡ್ ಆದ್ರೆ ಸಾಮಾನ್ಯವಾಗಿ ಹರೀತದೆ, ಇನ್‌ವ್ಯಾಲಿಡ್ ಆದ್ರೆ ದೊಡ್ಡ ನೆಟ್‌ವರ್ಕ್‌ಗಳು ಬಿಸಾಡ್ತವೆ. ಅಂದ್ರೆ ಆರ್‌ಒಎ ಇಲ್ಲದೇ ಇರೋದಕ್ಕಿಂತ ತಪ್ಪು ಆರ್‌ಒಎ ಇರೋದೇ ಜಾಸ್ತಿ ಅಪಾಯ.

ನಾನು ಬಿದ್ದಿದ್ದು ಇಲ್ಲೇ. ನನ್ನದೂ /23. ಅದಕ್ಕೆ ಯಾವಾಗಲೋ ನನ್ನ ಎಎಸ್‌ಎನ್ ಹೆಸರಲ್ಲಿ ಗರಿಷ್ಠ ಉದ್ದ 23 ಅಂತ ಆರ್‌ಒಎ ಮಾಡಿಟ್ಟು ಮರೆತಿದ್ದೆ. ಹೋಸ್ಟಿಂಗ್‌ನವರು ಅವರ ಎಎಸ್‌ಎನ್‌ನಿಂದ ಒಂದು /24 ಅನೌನ್ಸ್ ಮಾಡಿದ್ರು. ಮನೆ ವೈಫೈನಲ್ಲಿ ಸೈಟ್ ಬರುತ್ತೆ, ಫೋನ್ ಡೇಟಾದಲ್ಲಿ ಬರಲ್ಲ. ಫೋನಿನಲ್ಲಿ ಎರಡನೇ ಸಿಮ್‌ಗೆ ಹೋದ್ರೆ ಬರುತ್ತೆ. ಮೂರು ಗಂಟೆ ಫೈರ್‌ವಾಲ್ ಕೆದಕಿದೆ, ಸರ್ವರ್ ಎರಡು ಸಲ ರೀಬೂಟ್ ಮಾಡಿದೆ, ಹೋಸ್ಟಿಂಗ್‌ನವರಿಗೆ ಬೈದೂ ಆಯ್ತು. ಕೊನೆಗೆ ರೈಪ್‌ಸ್ಟ್ಯಾಟ್ ಅನ್ನೋ ರೂಟಿಂಗ್ ಮಾಹಿತಿ ಸೈಟ್‌ನಲ್ಲಿ ಬ್ಲಾಕ್ ಹಾಕಿ ನೋಡಿದ್ರೆ ಕೆಂಪಕ್ಷರದಲ್ಲಿ ಇನ್‌ವ್ಯಾಲಿಡ್. ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ ಅನ್ನೋ ದೂರು ಬಂದ್ರೆ ಮೊದಲು ಅಲ್ಲಿ ನೋಡಿ, ಆಮೇಲೆ ಫೈರ್‌ವಾಲ್.

ಹಾಗಂತ /23ರ ಆರ್‌ಒಎನಲ್ಲೇ ಗರಿಷ್ಠ ಉದ್ದ 24 ಅಂತ ಎಳೆದುಬಿಡೋ ಸುಲಭದ ದಾರಿ ಹಿಡೀಬೇಡಿ. ಒಂದು, ಹೋಸ್ಟಿಂಗ್‌ನವರ ಎಎಸ್‌ಎನ್ ಬೇರೆ, ಅವರಿಗೆ ಅದರಿಂದ ಉಪಯೋಗ ಇಲ್ಲ. ಎರಡು, ನೀವು ಅನೌನ್ಸ್ ಮಾಡದೇ ಇರೋ ತುಂಡಿಗೂ ಬಾಗಿಲು ತೆಗೆದಿಟ್ಟ ಹಾಗೆ, ನಿಮ್ಮ ಎಎಸ್‌ಎನ್ ಹೆಸರು ಹಾಕಿಕೊಂಡು ಇನ್ಯಾರೋ ಅದನ್ನ ಕೂಗಬಹುದು. ಯಾವ ಅಳತೆಯಲ್ಲಿ ಅನೌನ್ಸ್ ಮಾಡ್ತೀರೋ ಅದೇ ಅಳತೆಗೆ ಒಂದೊಂದು ಆರ್‌ಒಎ ಮಾಡಿ. ಬೆಂಗಳೂರಿನ /24ಕ್ಕೆ ಯಾರ ಎಎಸ್‌ಎನ್‌ನಿಂದ ಅದು ಹುಟ್ಟುತ್ತೋ ಅವರ ನಂಬರ್. ಇದರ ಜೊತೆ ಐಆರ್‌ಆರ್‌ನಲ್ಲಿ (ನೆಟ್‌ವರ್ಕ್‌ನವರು ತಮ್ಮ ರೂಟ್ ಬರೆದಿಡೋ ಸಾರ್ವಜನಿಕ ಡೇಟಾಬೇಸ್) ರೂಟ್ ಆಬ್ಜೆಕ್ಟ್, ಅಂದ್ರೆ ಈ ಬ್ಲಾಕ್ ಈ ಎಎಸ್‌ಎನ್‌ನಿಂದ ಅನ್ನೋ ನಮೂದು ಕೂಡ ಹಾಕಿ, ಅದನ್ನ ನೋಡಿ ಫಿಲ್ಟರ್ ಕಟ್ಟೋ ನೆಟ್‌ವರ್ಕ್‌ಗಳು ಈಗಲೂ ಬೇಕಾದಷ್ಟಿವೆ.

ಈಗ ಹಾಸನದ ಕಡೆ. ನಿಮ್ಮ ಪ್ರಶ್ನೆಯಲ್ಲಿ ಯಾರೂ ಮುಟ್ಟದ ಭಾಗ ಇದು, ಆದರೆ ತಲೆನೋವು ಇಲ್ಲೇ ಇರೋದು. ಈಗ ನೀವು ಹಾಸನದಿಂದ ಇಡೀ /23 ಅನೌನ್ಸ್ ಮಾಡ್ತಿದೀರಿ ಅಂದ್ಕೊಳ್ಳಿ. ಆ ರೂಟರ್‌ನಲ್ಲಿ /23ಕ್ಕೆ ಒಂದು ನಲ್ ರೂಟ್ (ಇದರೊಳಗೆ ಬೇರೆ ದಾರಿ ಗೊತ್ತಿಲ್ಲದ ಪ್ಯಾಕೆಟ್ ಬಿಸಾಡು ಅನ್ನೋ ಸಾಲು) ಇರುತ್ತೆ, ಇಲ್ಲದಿದ್ರೆ ಇರಬೇಕು. ಬೆಂಗಳೂರಿನಿಂದ /24 ಹೊರಟ ಮೇಲೆ ಹೊರಗಿನವರೆಲ್ಲ ಸರಿಯಾಗಿ ಅಲ್ಲಿಗೇ ಹೋಗ್ತಾರೆ. ನಿಮ್ಮ ಗ್ರಾಹಕರು ಮಾತ್ರ ನಿಮ್ಮದೇ ಬಿಲ್ಲಿಂಗ್ ಪೋರ್ಟಲ್ ತೆರೆದ್ರೆ ಪ್ಯಾಕೆಟ್ ನಿಮ್ಮ ರೂಟರ್‌ನ ನಲ್ ರೂಟ್‌ನಲ್ಲಿ ಬಿದ್ದು ಸಾಯುತ್ತೆ! ಬಿಜಿಪಿಯಲ್ಲಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳೋ ಭಾಷೆ) ಆ /24 ಕಲಿತುಕೊಳ್ಳುತ್ತಲ್ಲ ಅಂದ್ರೆ, ಎರಡೂ ಕಡೆ ನಿಮ್ಮದೇ ಎಎಸ್‌ಎನ್ ಇದ್ದಾಗ ಕಲಿಯಲ್ಲ. ದಾರಿಯಲ್ಲಿ ತನ್ನದೇ ನಂಬರ್ ಕಂಡ ರೂಟರ್ ಅದನ್ನ ಲೂಪ್ ಅಂದುಕೊಂಡು ತಿರಸ್ಕರಿಸುತ್ತೆ. ಅಪ್‌ಸ್ಟ್ರೀಮ್‌ನಿಂದ ಬರೀ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದನ್ನೆಲ್ಲ ಕಳಿಸೋ ದಾರಿ) ತಗೊಂಡಿದ್ರೂ ಇದೇ ಕಥೆ. ನಲ್ ರೂಟೇ ಇಲ್ಲದಿದ್ರೆ ಬೇರೆ ಕಥೆ: ಬೆಂಗಳೂರಿನ ಅನೌನ್ಸ್‌ಮೆಂಟು ಬಿದ್ದುಹೋದ ದಿನ ಆ ಟ್ರಾಫಿಕ್ ಹಾಸನಕ್ಕೆ ಬಂದು, ನಿಮ್ಮ ರೂಟರ್ ಡಿಫಾಲ್ಟ್ ಹಿಡಿದು ಅಪ್‌ಸ್ಟ್ರೀಮ್‌ಗೆ ಕಳಿಸಿ, ಅವರು ವಾಪಸ್ ನಿಮಗೇ ಕಳಿಸಿ, ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಅನ್ನೋ ಎಣಿಕೆ) ಮುಗಿಯೋವರೆಗೂ ಚೆಂಡಾಟ.

ಹಾಸನದ ರೂಟರ್‌ನಲ್ಲಿ ಬೆಂಗಳೂರಿನ /24ಕ್ಕೆ ಅಪ್‌ಸ್ಟ್ರೀಮ್ ಕಡೆ ಒಂದು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಹಾಕಿ ತೇಪೆ ಹಚ್ಚಬಹುದು. ನನ್ನ ಕೇಳಿದ್ರೆ ಬೇಡ. ಅಣ್ಣತಮ್ಮಂದಿರ ಪಾಲಿನ ಹಾಗೆ ಬದು ಹಾಕಿಬಿಡಿ: ಹಾಸನದಿಂದ ಮೊದಲ /24 ಮಾತ್ರ, ಬೆಂಗಳೂರಿನಿಂದ ಎರಡನೇ /24 ಮಾತ್ರ, /23 ಅನ್ನೋದೇ ಬೇಡ. ಎರಡೂ ಕಡೆ ನಿಮ್ಮದೇ ಎಎಸ್‌ಎನ್ ಇದ್ರೂ ಆಗ ಡಿಫಾಲ್ಟ್ ರೂಟ್ ಹಿಡಿದು ಪ್ಯಾಕೆಟ್ ಬೆಂಗಳೂರು ಸೇರುತ್ತೆ. ಡಿಫಾಲ್ಟ್ ಇರಲೇಬೇಕು, ಅದೊಂದು ನೋಡ್ಕೊಳ್ಳಿ.

ಮಾಡೋ ಕ್ರಮ ಮುಖ್ಯ. ಎರಡೂ /24ಗಳಿಗೆ ಆರ್‌ಒಎ ಮಾಡಿ, ಹಳೇ /23ರದ್ದನ್ನ ಹಾಗೇ ಬಿಡಿ. ಒಂದು ದಿನ ಕಾಯಿರಿ, ಎಲ್ಲರ ರೂಟರ್‌ಗೂ ಅದು ತಲುಪಲಿ. ಆಮೇಲೆ ಹಾಸನದಿಂದ /23ರ ಜೊತೆಗೇ ಮೊದಲ /24 ಅನೌನ್ಸ್ ಮಾಡಿ. ಹೊರಗಿನ ಲುಕಿಂಗ್ ಗ್ಲಾಸ್‌ನಲ್ಲಿ (ಬೇರೆ ನೆಟ್‌ವರ್ಕ್‌ನ ರೂಟರ್‌ಗೆ ಏನು ಕಾಣ್ತಿದೆ ಅಂತ ತೋರಿಸೋ ಪುಟ) ಅದು ಕಂಡ ಮೇಲಷ್ಟೇ /23 ತೆಗೀರಿ. ನಲ್ ರೂಟನ್ನೂ /24ಕ್ಕೆ ಇಳಿಸಿ. ಹಳೇ ಆರ್‌ಒಎ ಅಳಿಸೋದು ಎಲ್ಲಕ್ಕಿಂತ ಕೊನೆಗೆ. ಗ್ರಾಹಕರಿಗೆ ಗೊತ್ತೇ ಆಗಲ್ಲ. ಆದರೂ ಐಪಿಎಲ್ ಮ್ಯಾಚ್ ಇರೋ ಸಂಜೆ ಮಾತ್ರ ರೂಟರ್ ಮುಟ್ಟಬೇಡಿ. ನಿಮಗೆ ನಾನು ಹೇಳಬೇಕಾಗಿಲ್ಲ.

ಹೋಸ್ಟಿಂಗ್‌ನವರನ್ನ ದುಡ್ಡು ಕಟ್ಟೋಕೆ ಮುಂಚೆಯೇ ಕೇಳಬೇಕಾದ್ದು: ಅನೌನ್ಸ್ ಯಾರು ಮಾಡೋದು, ನೀವಾ ನಾವಾ? ಅವರ ರೂಟರ್‌ನಿಂದಲೇ ಆದ್ರೆ ನಿಮ್ಮ ಸರ್ವರ್ ರೀಬೂಟ್ ಆದ್ರೂ ಬ್ಲಾಕ್ ಆಚೆ ಇದ್ದೇ ಇರುತ್ತೆ. ನಿಮ್ಮ ಸರ್ವರ್‌ನಲ್ಲಿ ಬರ್ಡ್ (ಬಿಜಿಪಿ ನಡೆಸೋ ಸಾಫ್ಟ್‌ವೇರ್) ಹಾಕಿ ನೀವೇ ಮಾಡೋದಾದ್ರೆ, ಒಂದು ಕರ್ನಲ್ ಅಪ್‌ಡೇಟ್‌ಗೆ ರೀಬೂಟ್ ಕೊಟ್ಟರೂ 256 ವಿಳಾಸವೂ ಪ್ರಪಂಚದಿಂದ ಮಾಯ. ಎರಡು ಸರ್ವರ್‌ನಿಂದಲೂ ಸೆಷನ್ ಕಟ್ಟಿದ್ರೆ ಪರವಾಗಿಲ್ಲ. ಬರ್ಡ್‌ನ ಎಕ್ಸ್‌ಪೋರ್ಟ್ ಫಿಲ್ಟರ್‌ನಲ್ಲಿ (ಹೊರಗೆ ಏನು ಸಾರಬೇಕು ಅನ್ನೋ ನಿಯಮ) ನಿಮ್ಮ /24 ಒಂದನ್ನೇ ಹೆಸರಿಸಿ, ‘ಎಲ್ಲ’ ಅಂತ ಬರೀಬೇಡಿ. ನಿಮ್ಮಂಥ ಎರಡು ಸರ್ವರ್‌ನವರಿಗೆ ಅವರೇ ಅನೌನ್ಸ್ ಮಾಡೋದು ಸಾಕು ಅನ್ನೋದು ನನ್ನ ಅಭಿಪ್ರಾಯ, ಹವ್ಯಾಸಕ್ಕೆ ಕಲೀಬೇಕು ಅನ್ನೋ ಆಸೆ ಇದ್ರೆ ಬೇರೆ ಮಾತು.

ಬ್ಲಾಕ್ ಸರ್ವರ್‌ವರೆಗೆ ಹೇಗೆ ಬರುತ್ತೆ ಅಂತಲೂ ಕೇಳಿ. ವಿಎಲ್‌ಎಎನ್‌ನಲ್ಲಿ (ಸ್ವಿಚ್ ಒಳಗೆ ಬೇರೆ ಮಾಡಿಟ್ಟ ನೆಟ್‌ವರ್ಕ್) ಗೇಟ್‌ವೇ ಇಟ್ಟು ಕೊಟ್ಟರೆ ಮೊದಲ, ಕೊನೆಯ ಮತ್ತು ಗೇಟ್‌ವೇ ವಿಳಾಸ ಹೋಗಿ 253 ಉಳೀತವೆ. ಸರ್ವರ್‌ನ ಮೂಲ ಐಪಿಗೆ ರೂಟ್ ಮಾಡಿ ಕೊಟ್ಟರೆ 256ನ್ನೂ ಒಂದೊಂದಾಗಿ /32 ಅಂತ ಲೂಪ್‌ಬ್ಯಾಕ್‌ನಲ್ಲಿ (ಸರ್ವರ್ ಒಳಗಿನ ಕಾಲ್ಪನಿಕ ಪೋರ್ಟ್) ಹಾಕಿ ಬಳಸಬಹುದು. ವರ್ಚುವಲ್ ಸರ್ವರ್ ಆದ್ರೆ ಇನ್ನೊಂದು ಗುಂಡಿ: ನಕಲಿ ವಿಳಾಸ ತಡೆಯೋಕೆ ಅವರ ಹೈಪರ್‌ವೈಸರ್‌ನಲ್ಲಿ (ವರ್ಚುವಲ್ ಸರ್ವರ್‌ಗಳನ್ನ ನಡೆಸೋ ಸಾಫ್ಟ್‌ವೇರ್) ಫಿಲ್ಟರ್ ಇರುತ್ತೆ. ಟಿಸಿಪಿಡಂಪ್‌ನಲ್ಲಿ (ಪ್ಯಾಕೆಟ್ ಹೋಗಿಬರೋದು ತೋರಿಸೋ ಟೂಲ್) ಪಿಂಗ್ ಒಳಗೆ ಬರೋದು ಕಾಣುತ್ತೆ, ಉತ್ತರ ಹೊರಡೋದೂ ಕಾಣುತ್ತೆ, ಆಚೆಗೆ ಮಾತ್ರ ಏನೂ ತಲುಪಲ್ಲ. ಆ ಪೋರ್ಟ್‌ನಲ್ಲಿ ನಿಮ್ಮ ಬ್ಲಾಕ್‌ಗೆ ಅನುಮತಿ ಕೊಡಿ ಅಂತ ಟಿಕೆಟ್ ಹಾಕಬೇಕು, ನೀವು ಒಳಗಿಂದ ಏನು ಮಾಡಿದ್ರೂ ಆಗಲ್ಲ. ದಾಳಿ ಬಂದಾಗ ಒಂದು ವಿಳಾಸ ಮಾತ್ರ ಬ್ಲ್ಯಾಕ್‌ಹೋಲ್ ಮಾಡ್ತೀರಾ (ಅದಕ್ಕೆ ಬರೋದನ್ನೆಲ್ಲ ಬಿಸಾಡ್ತೀರಾ), ಇಡೀ /24 ಇಳಿಸ್ತೀರಾ ಅಂತಲೂ ಕೇಳಿ. ಬಿಟ್ಟು ಹೋಗುವಾಗ ಎಷ್ಟು ಗಂಟೆಯಲ್ಲಿ ಅನೌನ್ಸ್ ನಿಲ್ಲಿಸ್ತೀರಾ ಅನ್ನೋದನ್ನ ಬರಹದಲ್ಲಿ ತಗೊಳ್ಳಿ. ವಿಳಾಸ ಬದಲಿಸದೆ ಜಾಗ ಬದಲಿಸಬೇಕು ಅಂತಲ್ಲವಾ ಇಷ್ಟೆಲ್ಲ ಒದ್ದಾಡ್ತಿರೋದು.

ಅಮೆಜಾನ್ ಕ್ಲೌಡ್‌ಗೂ ಸ್ವಂತ ಬ್ಲಾಕ್ ಒಯ್ಯಬಹುದಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಅಲ್ಲೂ ಸ್ವಂತ /24 ತರಬಹುದು. ಎಲ್‌ಒಎ ಬದಲು ಅವರ 16509 ಮತ್ತು 14618 ಎರಡೂ ಎಎಸ್‌ಎನ್‌ಗೆ ಆರ್‌ಒಎ, ಜೊತೆಗೆ ನೀವೇ ಸಹಿ ಮಾಡಿದ ಒಂದು ಸರ್ಟಿಫಿಕೇಟನ್ನ ರಿಜಿಸ್ಟ್ರಿ ದಾಖಲೆಯ ರಿಮಾರ್ಕ್ಸ್‌ನಲ್ಲಿ ಹಾಕಿಸಬೇಕು. ಒಂದು ಬ್ಲಾಕ್ ಒಂದು ಸಲಕ್ಕೆ ಒಂದೇ ರೀಜನ್‌ನಲ್ಲಿರುತ್ತೆ. 2024ರ ಫೆಬ್ರವರಿಯಿಂದ ಅವರು ತಮ್ಮ ಪ್ರತಿ ಪಬ್ಲಿಕ್ ಐಪಿವಿ4ಗೆ ಗಂಟೆಗೆ 0.005 ಡಾಲರ್ ಹಾಕ್ತಾರೆ, ತಿಂಗಳಿಗೆ ಸುಮಾರು 3.65 ಡಾಲರ್. ನೀವು ತಂದಿದ್ದಕ್ಕೆ ಆ ಬಾಡಿಗೆ ಇಲ್ಲ. ನೂರಾರು ವಿಳಾಸ ಬೇಕಾದವರಿಗೆ ಅದು ದೊಡ್ಡ ದುಡ್ಡು, ನಾಲ್ಕು ಬೇಕಾದವರಿಗೆ ಅಲ್ಲ.

ಮೇಲ್ ಸರ್ವರ್ ಅಂದ್ರಲ್ಲ, ರಿವರ್ಸ್ ಡಿಎನ್‌ಎಸ್ (ಐಪಿ ಕೊಟ್ಟರೆ ಹೆಸರು ಹೇಳೋ ವ್ಯವಸ್ಥೆ) ಮರೀಬೇಡಿ. ಬಾಡಿಗೆ ಐಪಿಗೆ ಹೋಸ್ಟಿಂಗ್‌ನವರ ಪ್ಯಾನೆಲ್‌ನಲ್ಲಿ ಪಿಟಿಆರ್ ಅನ್ನೋ ಆ ದಾಖಲೆ ಹಾಕ್ತಿದ್ರಿ, ಸ್ವಂತ ಬ್ಲಾಕ್‌ಗೆ ಅದು ನಿಮ್ಮ ಕೆಲಸ. /23 ಅಂದ್ರೆ ಎರಡು ರಿವರ್ಸ್ ಝೋನ್, ಎರಡನೇದನ್ನ ರಿಜಿಸ್ಟ್ರಿಯಲ್ಲಿ ನಿಮ್ಮ ನೇಮ್‌ಸರ್ವರ್‌ಗೆ ಡೆಲಿಗೇಟ್ ಮಾಡಿಸಿ. ಆ ನೇಮ್‌ಸರ್ವರ್‌ಗಳೆರಡೂ ಇದೇ ಬ್ಲಾಕ್ ಒಳಗೇ ಕೂತಿರಬಾರದು, ಬ್ಲಾಕ್ ಬಿದ್ದ ದಿನ ಅವೂ ಬೀಳ್ತವೆ. ಪಿಟಿಆರ್ ಇಲ್ಲದ ಮೇಲನ್ನ ಜಿಮೇಲ್ ಹತ್ತಿರ ಸೇರಿಸಲ್ಲ. ಇಷ್ಟು ವರ್ಷ ಖಾಲಿ ಬಿದ್ದ ಬ್ಲಾಕ್ ಆದ್ದರಿಂದ ಸ್ಪ್ಯಾಮ್‌ಹೌಸ್‌ನಲ್ಲಿ (ಸ್ಪ್ಯಾಮ್ ಕಳಿಸೋ ಐಪಿಗಳ ಕಪ್ಪುಪಟ್ಟಿ ಇಡೋರು) ಒಂದ್ಸಲ ಹುಡುಕಿ ನೋಡಿ, ಮೊದಲ ದಿನವೇ ಎಲ್ಲ ಗ್ರಾಹಕರಿಗೂ ಬಿಲ್ ಮೇಲ್ ಸುರೀಬೇಡಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ತಮ್ಮ ಹತ್ತಿರ ಒಂದೇ /24 ಇದೆ, ಅರ್ಧ ಊರಲ್ಲಿ ಬಳಕೆಯಲ್ಲಿದೆ ಅಂತ ಬರೆದ ಶಿರಸಿ ಗೆಳೆಯರಿಗೆ: ಇಡೀ /24 ಡೇಟಾ ಸೆಂಟರ್‌ನಿಂದ ಅನೌನ್ಸ್ ಮಾಡಿ, ಊರಿನ ಅರ್ಧವನ್ನ ಜಿಆರ್‌ಇ ಟನೆಲ್‌ನಲ್ಲಿ (ಒಂದು ಪ್ಯಾಕೆಟ್ಟನ್ನ ಇನ್ನೊಂದರೊಳಗೆ ಸುತ್ತಿ ಕಳಿಸೋ ದಾರಿ) ವಾಪಸ್ ತರಬಹುದು. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1476ಕ್ಕೆ ಇಳಿಸಿ, ಎಂಎಸ್‌ಎಸ್ ಕ್ಲ್ಯಾಂಪ್ ಮಾಡಿ, ಅಂದ್ರೆ ಟಿಸಿಪಿ ತುಂಡುಗಳೂ ಅದಕ್ಕೆ ಹಿಡಿಯೋ ಹಾಗೆ ಮಿತಿ ಹಾಕಿ. ಮಾಡದಿದ್ರೆ ಪಿಂಗ್ ಬರುತ್ತೆ, ಕೆಲವು ಸೈಟ್ ಮಾತ್ರ ಅರ್ಧಕ್ಕೆ ನಿಂತುಬಿಡುತ್ತೆ. ಆದರೆ ಊರಿನ ಗ್ರಾಹಕರೆಲ್ಲ ಆಗ ಒಂದು ಬಾಡಿಗೆ ಸರ್ವರ್ ಮೇಲೆ ನೇತಾಡ್ತಾರೆ, ನಾನಾದ್ರೆ ಮಾಡಲ್ಲ. ಏಪ್ನಿಕ್ (ಐರಿನ್‌ಗಿಂತ ಮೇಲಿನ ಏಷ್ಯಾ-ಪೆಸಿಫಿಕ್ ರಿಜಿಸ್ಟ್ರಿ) ನಿಯಮದಲ್ಲಿ 2019ರಿಂದ ಒಬ್ಬ ಸದಸ್ಯರಿಗೆ ಗರಿಷ್ಠ /23. ನಿಮಗೆ ಬಂದಿರೋದು ಅದರ ಅರ್ಧವೇ ಆದ್ರೆ ಮೊದಲು ಐರಿನ್‌ಗೆ ಬರೆದು ಇನ್ನೊಂದು /24 ಕೇಳಿ ನೋಡಿ.

ಹಾಸನದ ಸರ್, ಹೂಈಸ್‌ನ ಸ್ಟೇಟಸ್ ಸಾಲು ಮತ್ತು ಈಗಿರೋ ಆರ್‌ಒಎ ಏನು ಹೇಳುತ್ತೆ ಅನ್ನೋದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ. ಬ್ಲಾಕ್ ನಂಬರ್ ಮರೆಮಾಚೋ ಅಗತ್ಯ ಇಲ್ಲ, ಅದು ಹೇಗೂ ಊರಿಗೆಲ್ಲ ಗೊತ್ತಿರೋದೇ. ಹೋಸ್ಟಿಂಗ್‌ನವರು ಕೊಟ್ಟ ಬಿಜಿಪಿ ಪಾಸ್‌ವರ್ಡ್ ಮಾತ್ರ ಸ್ಕ್ರೀನ್‌ಶಾಟ್‌ನಲ್ಲಿ ಬರದ ಹಾಗೆ ನೋಡ್ಕೊಳ್ಳಿ.