ಅಕ್ಕನ ಅಂಡಾಶಯದಲ್ಲಿ 6.2 ಸೆಂ.ಮೀ. ಸಿಸ್ಟ್ ಇದೆ, ಗರ್ಭಕೋಶವನ್ನೂ ತೆಗೆಸಬೇಕಾ?

ನಿಮ್ಮ ಅಕ್ಕನಿಗೆ 41 ವರ್ಷ, ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆ. ಕುಶಾಲನಗರದಲ್ಲಿ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಬಲ ಅಂಡಾಶಯದಲ್ಲಿ 6.2 ಸೆಂ.ಮೀ. ಸಿಸ್ಟ್ (ಚೀಲದಂಥ ಗುಳ್ಳೆ), ಒಳಗೆ ಒಂದು ತೆಳು ಸೆಪ್ಟೇಶನ್, ಅಂದರೆ ಪರದೆ. ರಕ್ತದಲ್ಲಿ ಸಿಎ-125 (ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ನೋಡುವ ಪ್ರೋಟೀನ್) ಮಟ್ಟ 48. ಒಬ್ಬ ಡಾಕ್ಟರು ಗರ್ಭಕೋಶ, ಎರಡೂ ಅಂಡಾಶಯ ತೆಗೆಸಿಬಿಡಿ ಅಂದರು, ಇನ್ನೊಬ್ಬರು ಕಾಯೋಣ ಅಂದರು. ನೀವು ಬರೆದಿರುವಷ್ಟರಲ್ಲಿ ನಾನು ಎರಡನೆಯವರ ಕಡೆ. ಆದರೆ ಸುಮ್ಮನೆ ಕಾಯುವುದಲ್ಲ, ತಾರೀಖು ಹಾಕಿಕೊಂಡು ಕಾಯಬೇಕು.

ಎಲ್ಲರ ಕಣ್ಣೂ ಮೊದಲು ಹೋಗುವುದು ಸೆಂಟಿಮೀಟರ್ ಮೇಲೆ. ವರದಿಯಲ್ಲಿ ನಾನು ಮೊದಲು ಹುಡುಕುವುದು ಒಳಗೇನಿದೆ ಅನ್ನುವುದನ್ನು. ಗೋಡೆ ನಯವಾಗಿದೆಯಾ? ಸಾಲಿಡ್, ಅಂದರೆ ಗಟ್ಟಿ ಭಾಗ ಇದೆಯಾ? ಗೋಡೆಯಿಂದ ಒಳಕ್ಕೆ ಚಾಚಿದ ಸಣ್ಣ ಮೊಳಕೆಗಳು, ಅಂದರೆ ಪ್ಯಾಪಿಲರಿ ಪ್ರೊಜೆಕ್ಷನ್, ಎಷ್ಟಿವೆ? ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಅವುಗಳೊಳಗೆ ರಕ್ತ ಹರಿಯುತ್ತಿದೆಯಾ? ಹೊಟ್ಟೆಯಲ್ಲಿ ನೀರು ತುಂಬಿದೆಯಾ? ಗೋಡೆ ನಯವಾಗಿದ್ದು, ಉಳಿದವು ಯಾವುದೂ ಇಲ್ಲದೆ, ಒಂದೇ ತೆಳು ಪರದೆ ಸಿಸ್ಟನ್ನು ಎರಡು ಕೋಣೆ ಮಾಡಿದ್ದರೆ, 10 ಸೆಂ.ಮೀ. ಒಳಗಿರುವವರೆಗೆ ಅದು ಓ-ರಾಡ್ಸ್ ಎಂಬ, ಸ್ಕ್ಯಾನ್ ನೋಡಿ ಕ್ಯಾನ್ಸರ್ ಅನುಮಾನ ಅಳೆಯುವ ಶ್ರೇಣಿಯಲ್ಲಿ 2ನೇ ದರ್ಜೆ. ಕ್ಯಾನ್ಸರ್ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ. 4ನೇ ದರ್ಜೆಯಲ್ಲಿ ಅದು ಶೇ. 10ರಿಂದ 50, 5ರಲ್ಲಿ ಅದಕ್ಕೂ ಮೇಲೆ. ವರದಿಯಲ್ಲಿ ಬರೀ 'ಕಾಂಪ್ಲೆಕ್ಸ್ ಸಿಸ್ಟ್' ಅಂತ ಬರೆದು ಕೈತೊಳೆದುಕೊಂಡಿದ್ದರೆ ಅದನ್ನು ನಂಬಿ ಆಪರೇಷನ್‌ಗೆ ಒಪ್ಪಬೇಡಿ, ಇನ್ನೊಂದು ಸ್ಕ್ಯಾನ್ ಮಾಡಿಸಿ.

ಸಿಎ-125 ವಿಷಯದಲ್ಲಿ ಊರಿಗೆ ಊರೇ ಹೆದರುತ್ತದೆ. 35ರ ಒಳಗಿದ್ದರೆ ನಾರ್ಮಲ್ ಅನ್ನುತ್ತಾರೆ ನಿಜ. ಆದರೆ ಮುಟ್ಟಿನ ದಿನಗಳಲ್ಲಿ ರಕ್ತ ಕೊಟ್ಟರೂ ಏರುತ್ತದೆ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಸಾಮಾನ್ಯ ಗಡ್ಡೆ), ಹೊಟ್ಟೆಯ ಟಿ.ಬಿ., ಲಿವರ್ ತೊಂದರೆ ಇದ್ದರೂ ಏರುತ್ತದೆ. ಇನ್ನೊಂದು ಕಡೆ, ಶುರುವಿನ ಹಂತದ ಕ್ಯಾನ್ಸರ್‌ನಲ್ಲಿ ಏರದೆಯೂ ಇರಬಹುದು. ಅದಕ್ಕೇ ಗಡ್ಡೆ ಕ್ಯಾನ್ಸರ್ ಆಗಿರುವ ಅಪಾಯ ಅಂದಾಜಿಸುವ ಆರ್‌ಎಂಐ ಎಂಬ ಲೆಕ್ಕ ಇದೆ: ಸ್ಕ್ಯಾನ್ ಅಂಕ, ಮುಟ್ಟಿನ ಅಂಕ, ಸಿಎ-125 ಮೂರನ್ನೂ ಗುಣಿಸುವುದು. ಹಲವು ಕೋಣೆ, ಸಾಲಿಡ್ ಭಾಗ, ಎರಡೂ ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು, ಬೇರೆಡೆ ಹರಡಿರುವುದು: ಇವುಗಳಲ್ಲಿ ಒಂದಿದ್ದರೆ ಸ್ಕ್ಯಾನ್ ಅಂಕ 1, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ಆಗುತ್ತಿದ್ದರೆ 1, ನಿಂತಿದ್ದರೆ 3. ಅಕ್ಕನಿಗೆ ಪರದೆಗೆ ಒಂದು ಅಂಕ ಕೊಟ್ಟರೂ 1×1×48, ಅಂದರೆ 48. ಅದೇ 48 ಮುಟ್ಟು ನಿಂತ ಅಮ್ಮನಿಗೆ, ಎರಡು ಅನುಮಾನದ ಲಕ್ಷಣಗಳೊಂದಿಗೆ ಬಂದಿದ್ದರೆ 3×3×48, ಅಂದರೆ 432. 200 ದಾಟಿದರೆ ನೇರ ಕ್ಯಾನ್ಸರ್ ಸರ್ಜನ್ ಹತ್ತಿರ ಹೋಗಬೇಕು.

ಈಗ ಮಾಡಬೇಕಾದ್ದು: 8ರಿಂದ 12 ವಾರ ಬಿಟ್ಟು, ಮುಟ್ಟು ಶುರುವಾದ 5ರಿಂದ 10ನೇ ದಿನದೊಳಗೆ, ಯೋನಿಯ ಮೂಲಕ ಒಳಗಿನಿಂದ ಮಾಡುವ ಸ್ಕ್ಯಾನ್ (ಟಿವಿಎಸ್) ಮಾಡಿಸಿ. ಇದಕ್ಕೆ ಮೂತ್ರ ಖಾಲಿ ಮಾಡಿಕೊಂಡು ಹೋಗಬೇಕು. ಬಾಟಲಿಗಟ್ಟಲೆ ನೀರು ಕುಡಿದು ಘಟ್ಟದ ತಿರುವುಗಳಲ್ಲಿ ಒದ್ದಾಡುವುದು ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್‌ಗೆ ಮಾತ್ರ. ಅಂಡಾಣು ಬಿಡುಗಡೆಗೆ ಸಂಬಂಧಿಸಿದ ನೀರುಗುಳ್ಳೆ ಆಗಿದ್ದರೆ ಎರಡು ಮೂರು ಮುಟ್ಟಿನೊಳಗೆ ತಾನೇ ಕರಗುತ್ತದೆ. ಅದನ್ನು ಬೇಗ ಕರಗಿಸಲು ಅಂತ ಗರ್ಭನಿರೋಧಕ ಮಾತ್ರೆ ಕೊಡುವ ರೂಢಿ ಇದೆ, ಆದರೆ ಇರುವ ಸಿಸ್ಟ್ ಅದರಿಂದ ಬೇಗ ಹೋಗುವುದಿಲ್ಲ. ಡರ್ಮಾಯ್ಡ್ (ಒಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು) ಅಥವಾ ಚಾಕೊಲೇಟ್ ಸಿಸ್ಟ್ (ಎಂಡೋಮೆಟ್ರಿಯೋಸಿಸ್‌ನಿಂದ ಹಳೇ ರಕ್ತ ತುಂಬಿದ್ದು) ಆಗಿದ್ದರೆ ಕರಗುವುದಿಲ್ಲ, ಹಾಗೇ ಉಳಿಯುತ್ತದೆ.

ಬೆಳೆದರೆ, 7 ಸೆಂ.ಮೀ. ದಾಟಿದರೆ, ನೋವು ಕೊಡುತ್ತಿದ್ದರೆ ಎಂಆರ್‌ಐ ಅಥವಾ ಆಪರೇಷನ್ ಮಾತು ಬರುತ್ತದೆ. ಆಗಲೂ ಕ್ಯಾನ್ಸರ್ ಅನುಮಾನದ ಲಕ್ಷಣ ಇಲ್ಲದಿದ್ದರೆ ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರದ ಆಪರೇಷನ್) ಸಿಸ್ಟ್ ಮಾತ್ರ ಬಿಡಿಸಿ ಅಂಡಾಶಯ ಉಳಿಸಲು ಆಗುತ್ತದೆಯಾ ಅಂತ ಕೇಳಿ. 41ಕ್ಕೇ ಎರಡೂ ಅಂಡಾಶಯ ತೆಗೆದರೆ ಅವತ್ತೇ ಮುಟ್ಟು ನಿಂತ ಹಾಗೆ: ಮೈ ಬಿಸಿಯೇರುವುದು, ಮೂಳೆ ಸವೆತ, ಮುಂದೆ ಹೃದಯದ ತೊಂದರೆ. ಮನೆಯಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆದವರಿದ್ದರೆ ಮಾತು ಬೇರೆ, ಬಿಆರ್‌ಸಿಎ (ವಂಶಪಾರಂಪರ್ಯದ ಕ್ಯಾನ್ಸರ್ ಅಪಾಯದ ಜೀನ್) ಪರೀಕ್ಷೆ ಮಾಡಿಸಿದ ಮೇಲೆ ತೀರ್ಮಾನ.

ಸೂಜಿ ಹಾಕಿ ನೀರು ತೆಗೆಸುವ ಸಲಹೆ ಬಂದರೆ ಬೇಡ ಅನ್ನಿ. ಸಿಸ್ಟ್ ಮತ್ತೆ ತುಂಬಿಕೊಳ್ಳುತ್ತದೆ. ಅಕಸ್ಮಾತ್ ಕ್ಯಾನ್ಸರ್ ಆಗಿದ್ದರೆ, ಅಂಡಾಶಯದೊಳಗೇ ಇದ್ದ 1ಎ ಹಂತದ್ದು ಒಡೆದು ಚೆಲ್ಲಿ 1ಸಿ ಆಗುತ್ತದೆ, ಬೇಡದಿದ್ದ ಕೀಮೋ ಬೇಕಾಗಬಹುದು. ಇದೇ ಕಾರಣಕ್ಕೆ ಸಿಸ್ಟನ್ನು ಚೀಲದೊಳಗೆ ಹಾಕಿ ಹೊರತೆಗೆಯುತ್ತೀರಾ ಅಂತಲೂ ಕೇಳಿ. ಅನುಮಾನದ ಗಡ್ಡೆಯಾದರೆ ಫ್ರೋಜನ್ ಸೆಕ್ಷನ್ (ಆಪರೇಷನ್ ನಡೆಯುವಾಗಲೇ ಗಡ್ಡೆಯ ತುಂಡು ಪರೀಕ್ಷಿಸುವುದು) ಸೌಲಭ್ಯವಿರುವ, ಗೈನಿಕ್ ಆಂಕಾಲಜಿಸ್ಟ್ (ಸ್ತ್ರೀಯರ ಕ್ಯಾನ್ಸರ್ ತಜ್ಞರು) ಇರುವ ಕಡೆಯೇ ಮೊದಲ ಆಪರೇಷನ್ ಆಗಬೇಕು. ಅರ್ಧಂಬರ್ಧ ಮಾಡಿಸಿಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ಎರಡನೇ ಸಲ ಹೊಟ್ಟೆ ಕೊಯ್ಯಬೇಕಾಗಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಯವರಿಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ದೊಡ್ಡ ಚಿಕಿತ್ಸೆಗೆ ರೆಫರಲ್ ಚೀಟಿ ಬೇಕು, ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ.

ಕಾಫಿ ಕೊಯ್ಲಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಲಿ. 50 ಕೆ.ಜಿ. ಮೂಟೆ ಎತ್ತುವುದು ಮಾತ್ರ ಮುಂದಿನ ಸ್ಕ್ಯಾನ್‌ವರೆಗೆ ಬೇಡ. ಮನೆಯವರೆಲ್ಲ ತಿಳಿದಿರಬೇಕಾದ್ದು ಒಂದಿದೆ: 5 ಸೆಂ.ಮೀ. ಮೇಲಿನ ಸಿಸ್ಟ್ ಇರುವ ಅಂಡಾಶಯ ತಿರುಚಿಕೊಳ್ಳಬಹುದು. ಒಂದೇ ಪಕ್ಕದಲ್ಲಿ ಹಠಾತ್ತನೆ ತಡೆಯಲಾರದ ನೋವು, ಜೊತೆಗೆ ವಾಂತಿ. ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿಸಿ ಬೆಳಗಾಗಲಿ ಅಂತ ಕೂರಬೇಡಿ. ಕೆಲವೇ ಗಂಟೆಗಳಲ್ಲಿ ತಿರುಚು ಬಿಡಿಸಿದರೆ ಅಂಡಾಶಯ ಉಳಿಯುತ್ತದೆ. ಡಾಪ್ಲರ್‌ನಲ್ಲಿ ರಕ್ತ ಹರಿಯುವುದು ಕಂಡರೂ ತಿರುಚಿಲ್ಲ ಅಂತ ಖಾತ್ರಿ ಇಲ್ಲ. ಬಾಯಿಗೆ ಏನೂ ಕೊಡದೆ 108ಕ್ಕೆ ಫೋನ್ ಮಾಡಿ, ಹಳೇ ಸ್ಕ್ಯಾನ್ ವರದಿ ಜೊತೆಗಿಟ್ಟುಕೊಳ್ಳಿ. ಮಳೆಗಾಲದಲ್ಲಿ ರಸ್ತೆ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲದ ಒಳತೋಟದ ಮನೆಯಾದರೆ, ಆಪರೇಷನ್ ಅಗತ್ಯ ಅಂತ ಗೊತ್ತಾದ ಸಿಸ್ಟನ್ನು ಜೂನ್‌ಗೆ ಮೊದಲೇ ಮಾಡಿಸಿಕೊಳ್ಳುವುದು ಲೇಸು.