ಬಸ್ ಹತ್ತಲು ಹೆದರಿದ ಕಂಡಕ್ಟರ್

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದವರು ಗಂಡ-ಹೆಂಡತಿ. ಗಂಡನಿಗೆ 64 ವರ್ಷ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮಾತೆಲ್ಲ ಹೆಂಡತಿಯದೇ. "ಇವರಿಗೆ ಯಾರೂ ಬೇಡವಾಗಿದ್ದಾರೆ ಮೇಡಂ. ಮೊಮ್ಮಗಳ ನಾಮಕರಣ ಬೆಂಗಳೂರಲ್ಲಿ. ಹುಬ್ಬಳ್ಳಿ ಬಿಟ್ಟು ಬರಲ್ಲ ಅಂತ ಕೂತಿದ್ದಾರೆ. ರಾತ್ರಿಯೆಲ್ಲ ಎದ್ದು ಓಡಾಡ್ತಾರೆ. ಏನೋ ಚಿಂತೆ ಹಚ್ಚಿಕೊಂಡಿದ್ದಾರೆ."

ಸ್ವಲ್ಪ ಹೊತ್ತು ಹೊರಗೆ ಕೂತಿರಿ ಎಂದು ಹೆಂಡತಿಯನ್ನು ಕೇಳಿಕೊಂಡೆ. ಆಮೇಲೆ "ರಾತ್ರಿ ಯಾಕೆ ಏಳ್ತೀರಿ ಸರ್?" ಅಂದೆ.

"ಒಂದಕ್ಕೆ."

ನಾಲ್ಕೈದು ಸಲ ಏಳುತ್ತಾರಂತೆ. ಹೋದರೂ ಬೇಗ ಬರುವುದಿಲ್ಲ. ಧಾರೆ ಸಣ್ಣ. ಮುಗಿಯಿತು ಅಂದುಕೊಂಡರೆ ಮತ್ತೆ ತೊಟ್ಟಿಕ್ಕುತ್ತದೆ. ಬಸ್ಸಿನಲ್ಲಿ ಏಳೆಂಟು ಗಂಟೆ ಹೇಗೆ ಕೂರುವುದು ಎಂದು ಹೆದರಿ, ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಕೊನೆಗೆ ಮೆಲ್ಲಗೆ ಹೇಳಿದರು: "ನಮ್ಮಣ್ಣ ಪ್ರಾಸ್ಟೇಟ್ ಕ್ಯಾನ್ಸರಿಂದ ಹೋದ. ನನಗೂ ಅದೇ ಇರಬೇಕು." ಎರಡು ವರ್ಷದಿಂದ ಇದನ್ನು ಒಬ್ಬರೇ ಹೊತ್ತುಕೊಂಡಿದ್ದರು. ನನಗೆ ತುಂಬಾ ಸಂಕಟವಾಯಿತು.

ನಾನು ಡಾಕ್ಟರ್ ಅಲ್ಲ, ಆದರೆ ಇಷ್ಟು ಹೇಳಿದೆ. ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ. ಮೂತ್ರನಾಳ ಅದರ ನಡುವೆಯೇ ಹಾದು ಬರುತ್ತದೆ. 50 ದಾಟಿದ ಮೇಲೆ ಬಹಳ ಗಂಡಸರಲ್ಲಿ ಈ ಗ್ರಂಥಿ ದಪ್ಪಗಾಗಿ ನಾಳವನ್ನು ಒತ್ತುತ್ತದೆ. ಅದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಕ್ಯಾನ್ಸರ್ ಶುರುವಿನಲ್ಲಿ ಏನೂ ತೋರಿಸದೆ ಇರಬಹುದು. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಅಪಾಯ ಜಾಸ್ತಿ. ಹಾಗಾಗಿ ಮನೆಯಲ್ಲೇ ಕೂತು ಊಹಿಸಬೇಡಿ, ಈ ವಾರವೇ ಮೂತ್ರರೋಗ ತಜ್ಞರ ಹತ್ತಿರ ಹೋಗಿ, ಅಣ್ಣನ ವಿಷಯವನ್ನು ಮೊದಲೇ ಹೇಳಿ ಅಂದೆ.

ಅವರನ್ನು ತಡೆದಿದ್ದು ಗುದದ್ವಾರದೊಳಗೆ ಬೆರಳು ಹಾಕಿ ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆಯ ನಾಚಿಕೆ. ಸಾಮಾನ್ಯವಾಗಿ ಅದು ಒಂದು ನಿಮಿಷದ ಕೆಲಸ, ಡಾಕ್ಟರಿಗೆ ದಿನನಿತ್ಯದ್ದು. ಜೊತೆಗೆ ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್, ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಮಾಡಿಸಬಹುದು. ಪಿಎಸ್‌ಎ ಹೆಚ್ಚಿದ್ದರೆ ಕ್ಯಾನ್ಸರೇ ಅಂತಲ್ಲ, ಸೋಂಕಾದರೂ ಗ್ರಂಥಿ ದಪ್ಪಗಾದರೂ ಅದು ಏರುತ್ತದೆ. ಶುಗರ್ ಕೂಡ ನೋಡಿಸಿ ಅಂದೆ, ಅದರಿಂದಲೂ ಪದೇ ಪದೇ ಮೂತ್ರ ಬರುತ್ತದೆ.

ಅಲ್ಲಿಯವರೆಗೆ ಹಗಲು ನೀರು ಬಿಡಬೇಡಿ, ಸಂಜೆಯ ಮೇಲೆ ಕಾಫಿ-ಟೀ ಕಡಿಮೆ ಮಾಡಿ ಅಂದೆ. ಮೂರು ದಿನ ಯಾವಾಗ ಎಷ್ಟು ಸಲ ಹೋದಿರಿ ಎಂದು ಬರೆದಿಡಲು ಹೇಳಿದೆ. ನೆಗಡಿ ಮಾತ್ರೆಯನ್ನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ ಎಂದು ಒತ್ತಿ ಹೇಳಿದೆ. ಕೆಲವು ಮಾತ್ರೆಗಳಿಂದ ಇಂಥವರಿಗೆ ಮೂತ್ರ ಪೂರ್ತಿ ಕಟ್ಟಿಬಿಡಬಹುದು. ಹಾಗೆ ಕಟ್ಟಿಕೊಂಡು ಹೊಟ್ಟೆಯ ಕೆಳಭಾಗ ಉಬ್ಬಿ ನೋವಾದರೆ, ಅಥವಾ ಮೂತ್ರದ ತೊಂದರೆಯ ಜೊತೆ ಚಳಿಜ್ವರ ಬಂದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕು. ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ ತೋರಿಸಲೇಬೇಕು. ಬಿಡದ ಬೆನ್ನುನೋವು, ತೂಕ ಇಳಿಯುವುದನ್ನೂ ಕಡೆಗಣಿಸಬಾರದು.

ಅವರ ಒಪ್ಪಿಗೆ ಪಡೆದು ಹೆಂಡತಿಯನ್ನು ಒಳಗೆ ಕರೆದೆ. ಆಕೆ ಬೈಯಲಿಲ್ಲ. "ನನ್ನ ಹತ್ರ ಹೇಳಬಾರದಿತ್ತಾ ರೀ?" ಅಂದರು ಅಷ್ಟೇ. ಪ್ರಯಾಣಕ್ಕೆ ರೈಲು ಹಿಡಿಯಿರಿ, ಶೌಚಾಲಯ ಇರುತ್ತದಲ್ವಾ ಎಂದೆ.

ತಪಾಸಣೆಯಲ್ಲಿ ಗ್ರಂಥಿ ದಪ್ಪಗಾಗಿದ್ದು ಗೊತ್ತಾಯಿತು, ಕ್ಯಾನ್ಸರಿನ ಗುರುತು ಕಾಣಲಿಲ್ಲ. ರಾತ್ರಿ ಮಲಗುವ ಮುಂಚೆ ಒಂದು ಮಾತ್ರೆ ಕೊಟ್ಟಿದ್ದಾರೆ. ಎದ್ದಾಗ ತಲೆ ಸುತ್ತಬಹುದು, ನಿಧಾನಕ್ಕೆ ಏಳಿ ಎಂದಿದ್ದಾರೆ. ಈಗ ರಾತ್ರಿ ಒಂದೋ ಎರಡೋ ಸಲ ಏಳುತ್ತಾರಂತೆ. ಪಿಎಸ್‌ಎ ಮತ್ತೆ ನೋಡಬೇಕಿದೆ. 52 ದಾಟಿದ ತಮ್ಮನನ್ನೂ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಅವರೇ ಫೋನಿನಲ್ಲಿ ಹೇಳಿದರು.